ಉಪ್ಪುಬಾಯಿಗೆ ಎರಡನೇ ಬಾಯಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಂಕೋಲೆಯ ಶಾಲೆಯಲ್ಲಿ ಮೂವತ್ತೊಂದು ವರ್ಷ ನನ್ನ ಕೈಯಲ್ಲಿ ಕನ್ನಡ ಕಲಿತವರೆಲ್ಲ ಹೇಳುತ್ತಾರೆ. ಸುಳ್ಳಲ್ಲ. ಆದರೆ ದೇವಾನಂದ ಮಾಸ್ತರರ ಜೊತೆ ಎರಡು ವರ್ಷ ಪದಕೋಶದ ಕೆಲಸ ಮಾಡಿಯೂ ಸಿಟ್ಟು ಬರದವರು ಯಾರಾದರೂ ಇದ್ದರೆ ಅವರನ್ನು ನನಗೆ ತೋರಿಸಿ, ನಾನು ಕೈ ಮುಗಿಯುತ್ತೇನೆ.

ಮಾಸ್ತರರು ಕಾರವಾರದವರು. ಕಾಲೇಜಿನಲ್ಲಿ ಕಲಿಸಿ ನಿವೃತ್ತರಾದವರು, ಮನೆಯಲ್ಲಿ ಕೊಂಕಣಿ ಮಾತಾಡುವವರು. ಕಾರವಾರ, ಅಂಕೋಲೆಯ ಕಡೆ ದುಡಿಯುವವರ ಬಾಯಲ್ಲಿರುವ ಶಬ್ದಗಳನ್ನು ಒಂದು ಪುಸ್ತಕಕ್ಕೆ ತರಬೇಕೆಂದು ಹೊರಟವರು ಅವರೇ. ಊರೂರು ಸುತ್ತಿ ಶಬ್ದ ತರುವವಳು ನಾನು, ಕೋಡಿಬಾಗದ ತಮ್ಮ ಮನೆಯ ಮಾಳಿಗೆಯಲ್ಲಿ ಕೂತು ತಿದ್ದುವವರು ಅವರು. ಒಂದು ಶಬ್ದಕ್ಕೆ ಒಂದು ಚೀಟಿ.

ನಮ್ಮ ಜಗಳ ಆ ಚೀಟಿಗಳನ್ನು ಜೋಡಿಸುವುದು ಹೇಗೆ ಎನ್ನುವುದರ ಮೇಲೆ. ಮಾಸ್ತರರಿಗೆ ಅಕಾರಾದಿ ಬೇಕು, ಶಾಲೆಯ ಹಾಜರಿ ಪುಸ್ತಕದ ಹಾಗೆ. ನನಗೆ ಕಸುಬಿನ ಪ್ರಕಾರ ಬೇಕು. ಅಕಾರಾದಿ ಮಾಡಿದರೆ ದೋಣಿಯ ಪಕ್ಕದಲ್ಲಿ ದೋಸೆ ಬಂದು ಕೂರುತ್ತದೆ, ಅವೆರಡಕ್ಕೂ ಏನು ನಂಟು? ಗದ್ದೆಯ ಶಬ್ದ ಗದ್ದೆಯವರ ಹತ್ತಿರ ಇರಲಿ, ಮೀನಿನ ಶಬ್ದ ಮೀನಿನವರ ಹತ್ತಿರ ಇರಲಿ ಎಂದು ಹಟ ಹಿಡಿದು, ಐದು ಪೆಟ್ಟಿಗೆಗಳ ಮೇಲೆ ಗಜನಿ, ಮೀನು, ದೋಣಿ, ಉಪ್ಪಿನ ಆಗರ, ಅಡಿಗೆ ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಗಾದೆ ಕಟ್ಟಿದವನು ಪದಕೋಶ ಮಾಡುವವರನ್ನು ನೋಡಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ಎರಡು ಬಾಯಿಂದ ಕೇಳದ ಶಬ್ದಕ್ಕೆ ಪುಸ್ತಕದಲ್ಲಿ ಜಾಗವಿಲ್ಲ. ಒಬ್ಬರೇ ಹೇಳಿದರೆ ಅದು ಊರಿನ ಶಬ್ದವೋ ಅವರ ಮನೆಯ ತಮಾಷೆಯೋ ಹೇಗೆ ಗೊತ್ತಾಗಬೇಕು? ಚೀಟಿಯ ಕೆಳಗೆ ಇಬ್ಬರ ಹೆಸರು, ಇಬ್ಬರ ಊರು ಇರಲೇಬೇಕು. ಅರ್ಥ ಎರಡಿದ್ದರೆ ಒಂದೊಂದು ಅರ್ಥಕ್ಕೂ ಎರಡೆರಡು ಬಾಯಿ. ಈ ಕಾನೂನು ಮಾಡಿದವಳು ನಾನೇ, ಕೊನೆಗೆ ಅದು ನನ್ನ ಕೊರಳಿಗೇ ಬಂತು.

ಕಳೆದ ಜೂನಿನಲ್ಲಿ, ಹಸ್ತಪ್ರತಿಯನ್ನು ಅಚ್ಚಿಗೆ ಕೊಡಲು ಹನ್ನೆರಡು ದಿನ ಇರುವಾಗ, ಮಾಸ್ತರರು ನನ್ನ ಒಂದು ಚೀಟಿಯನ್ನು ಕೆಂಪು ಗೆರೆ ಹೊಡೆದು ವಾಪಸು ಕೊಟ್ಟರು. ಶಬ್ದ ‘ಉಪ್ಪುಬಾಯಿ’. ನಾನು ಬರೆದ ಅರ್ಥವನ್ನು ಹೊಡೆದು ಪಕ್ಕದಲ್ಲಿ ತಮ್ಮ ದುಂಡು ಅಕ್ಷರದಲ್ಲಿ ‘ಉಪ್ಪು ಮಾರುವ ಹೆಂಗಸು’ ಎಂದು ಬರೆದಿದ್ದರು.

“ಇದೆಂತದು ಮಾಸ್ತರೆ?”

“ಮತ್ತೆಂತದು, ಗಾಯತ್ರಿಬಾಯಿ? ನಿಮ್ಮನ್ನು ನಾನು ಬಾಯಿ ಅಂತೇನೆ. ಹಾಗೇ ಉಪ್ಪು ತಂದು ಮಾರುವವಳು ಉಪ್ಪುಬಾಯಿ. ಸರಳ.”

“ಅದು ನಿಮ್ಮ ಕಾರವಾರದ ಬಾಯಿ. ಇದು ಮುಖದಲ್ಲಿರುವ ಬಾಯಿ. ಮಂಜಗುಣಿಯ ನಾಗಕ್ಕ ಬಿಡಿಸಿ ಹೇಳಿದ್ದನ್ನು ಹೊಡೆದು ಹಾಕಲಿಕ್ಕೆ ನೀವ್ಯಾರು?”

ಮಾಸ್ತರರು ಕನ್ನಡಕ ಒರೆಸಿಕೊಂಡರು. ಅವರಿಗೆ ಸಿಟ್ಟೇ ಬರುವುದಿಲ್ಲ, ಅದೇ ನನಗೆ ಸಿಟ್ಟು. “ಸರಿ, ನನ್ನದು ತಪ್ಪು. ಆದ್ರೆ ನಿಮ್ಮ ಅರ್ಥಕ್ಕೂ ಒಂದೇ ಬಾಯಿ ಉಂಟಲ್ಲ? ನಾಗು, ಮಂಜಗುಣಿ. ಇನ್ನೊಂದು ಹೆಸರು ಎಲ್ಲಿ?”

ಅವರು ನನ್ನ ‘ಮೀನು’ ಪೆಟ್ಟಿಗೆಯಿಂದ ಇನ್ನೊಂದು ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಅದೂ ನನ್ನದೇ ಅಕ್ಷರ, ಎರಡು ವರ್ಷದ ಹಿಂದಿನದು. ಉಪ್ಪುಬಾಯಿ: ಕೆಟ್ಟ ಮೀನಿನ ಬಾಯಿಗೆ ಉಪ್ಪು ತುಂಬಿ ತಾಜಾ ಎಂದು ಮಾರುವವಳು; ಹುಳುಕು ಮುಚ್ಚಿಟ್ಟು ಸುಳ್ಳು ಹೇಳುವವಳು; ಬೈಗುಳ. ಕೆಳಗೆ ಎರಡು ಹೆಸರು, ಇಬ್ಬರೂ ಹಾರವಾಡದ ಮೀನು ಮಾರುವ ಹೆಂಗಸರು. ಅದನ್ನು ಬರೆದುಕೊಂಡು ಬೇರೆ ಪೆಟ್ಟಿಗೆಗೆ ಹಾಕಿ ನಾನು ಪೂರ್ತಿ ಮರೆತಿದ್ದೆ.

“ಇದಕ್ಕೆ ಎರಡು ಬಾಯಿ ಉಂಟು. ನಮ್ಮ ಕಾನೂನಿನ ಪ್ರಕಾರ ಇದೊಂದೇ ಅರ್ಥ ಅಚ್ಚಾಗ್ತದೆ, ಬಾಯಿ,” ಎಂದರು ಮಾಸ್ತರರು.

ಅದೊಂದೇ ಅರ್ಥ ಅಚ್ಚಾಗಲು ನಾನು ಬಿಡುವ ಹಾಗಿರಲಿಲ್ಲ. ಯಾಕೆ ಎನ್ನುವುದು ತಿಳಿಯಬೇಕಾದರೆ ನಾಗಕ್ಕನ ವಿಷಯ ಹೇಳಬೇಕು.

ಮಂಜಗುಣಿಯಲ್ಲಿ ಗಂಗಾವಳಿ ನದಿ ಸಮುದ್ರ ಸೇರುವ ಮುಂಚೆ ಅಗಲವಾಗಿ ಹರಡಿಕೊಳ್ಳುತ್ತದೆ. ಅದರ ದಂಡೆಯ ತಗ್ಗು ಗದ್ದೆಗಳಿಗೆ ಗಜನಿ ಎನ್ನುತ್ತಾರೆ. ಭರತಿಯಲ್ಲಿ ಅಲ್ಲಿಗೆ ಉಪ್ಪು ನೀರು ನುಗ್ಗುತ್ತದೆ. ಒಡ್ಡು ಕಟ್ಟಿ ಅದನ್ನು ತಡೆದು, ಮಳೆ ನೀರಿನಲ್ಲಿ ನೆಲದ ಉಪ್ಪು ತೊಳೆದು ಹೋದ ಮೇಲೆ ಭತ್ತ ಬಿತ್ತಬೇಕು. ಒಂದು ವಾರ ಮುಂಚೆ ಬಿತ್ತಿದರೆ ಬೀಜ ಸುಟ್ಟು ಹೋಗುತ್ತದೆ. ಹಾಗಾಗಿ ಕೂಲಿಗೆ ಬರುವ ಹೆಂಗಸರಲ್ಲಿ ಒಬ್ಬಳು ಗದ್ದೆಯ ನೀರನ್ನು ಬೊಗಸೆಯಲ್ಲೆತ್ತಿ ಬಾಯಿಗೆ ಹಾಕಿ, ಉಗುಳಿ, ಇನ್ನೆಷ್ಟು ದಿನ ಕಾಯಬೇಕು ಎಂದು ಹೇಳುತ್ತಿದ್ದಳು. ಅವಳೇ ಉಪ್ಪುಬಾಯಿ. ಅವಳು ಹೂಂ ಎನ್ನದೆ ಗದ್ದೆಯ ಒಡೆಯ ಕೂಡ ಬೀಜದ ಮೂಟೆ ಬಿಚ್ಚುತ್ತಿರಲಿಲ್ಲ.

ಇದನ್ನು ನಾಗಕ್ಕ ನನಗೆ ಹೇಳಿದ್ದು ಹೋದ ವರ್ಷ. ಅವಳಿಗೆ ಎಪ್ಪತ್ತು ದಾಟಿದೆ, ಬದುಕಿಡೀ ಬೇರೆಯವರ ಗಜನಿಯಲ್ಲಿ ದುಡಿದವಳು. ಇನ್ನೂರಕ್ಕೂ ಹೆಚ್ಚು ಶಬ್ದ ಕೊಟ್ಟ ಮೇಲೆ ಕೊನೆಗೆ ನನ್ನ ಮುಂಗೈ ಹಿಡಿದುಕೊಂಡು ಹೇಳಿದ್ದಳು: “ಅಕ್ಕೋರೆ, ಉಳ್ದ ಶಬ್ದ ಬಿಟ್ರೂ ಅಡ್ಡಿಲ್ಲ. ಇದೊಂದು ಪುಸ್ತಕದಾಗೆ ಬರ್ಬೇಕು. ನಾ ಬೈದದ್ದಲ್ಲ ಅಂತ ನಾಕು ಜನಕ್ಕೆ ಗೊತ್ತಾಗ್ಲಿ.”

ಯಾರನ್ನು ಬೈದದ್ದಲ್ಲ ಎಂದು ನಾನು ಆಗ ಕೇಳಿರಲಿಲ್ಲ. ಶಬ್ದ ಸಿಕ್ಕಿದ ಖುಷಿಯಲ್ಲಿ ಮನುಷ್ಯರನ್ನು ಕೇಳುವುದು ಬಿಟ್ಟುಹೋಗುತ್ತದೆ. ಇದು ನನ್ನ ದೊಡ್ಡ ದೋಷ.

ಮರುದಿನ ಬೆಳಿಗ್ಗೆಯೇ ಟೆಂಪೋ ಹತ್ತಿ ಮಂಜಗುಣಿಗೆ ಹೋದೆ. ನಾಗಕ್ಕ ಜಗಲಿಯಲ್ಲಿ ಕೂತು ಎಲೆ ಮಡಚುತ್ತಿದ್ದಳು.

“ನಾಗಕ್ಕ, ಉಪ್ಪುಬಾಯಿ ಶಬ್ದ ಗೊತ್ತಿರೂವವರು ಇನ್ನೊಬ್ಬರು ಬೇಕು. ಇಲ್ದಿದ್ರೆ ಅದು ಪುಸ್ತಕಕ್ಕೆ ಬರೂದಿಲ್ಲ.”

“ಇದ್ದವ್ರೆಲ್ಲ ಹೋದ್ರಲ್ಲ ಅಕ್ಕೋರೆ. ಸುಬ್ಬಿ ಹೋದ್ಲು, ಬೀರಾ ಹೋದ. ಈಗಿನವ್ರು ಗಜನಿ ಬಿಟ್ಟು ಎಷ್ಟು ವರ್ಷಾಯ್ತು. ಒಬ್ಳು ಇದ್ದಾಳೆ.” ಅವಳು ಎಲೆಯನ್ನು ಬಾಯಿಗೆ ಹಾಕಿಕೊಳ್ಳದೆ ಕೆಳಗಿಟ್ಟಳು. “ಅವ್ಳು ಹೇಳೂದಿಲ್ಲ.”

ಅವಳು ಸೋಮಿ. ಇಬ್ಬರೂ ಪಕ್ಕದ ಮನೆಯವರು, ಒಟ್ಟಿಗೇ ಕೂಲಿಗೆ ಹೋಗುತ್ತಿದ್ದವರು. ನಾಗಕ್ಕನ ನಾಲಿಗೆ ಒಳ್ಳೆಯದೇ, ಆದರೆ ಸೋಮಿಯ ನಾಲಿಗೆಗೆ ಸಮ ಯಾವುದೂ ಇರಲಿಲ್ಲವಂತೆ. ಸೋಮಿಯನ್ನು ಅಮದಳ್ಳಿಗೆ ಕೊಟ್ಟ ಮೇಲೂ ಬಿತ್ತನೆಯ ಹೊತ್ತಿಗೆ ಅವಳನ್ನೇ ಕರೆಸುತ್ತಿದ್ದರು. ಹತ್ತೊಂಬತ್ತು ವರ್ಷದ ಹಿಂದೆ ಸೋಮಿಯ ಮಗಳು ಯೋಗಿತಾಳ ಮದುವೆ, ಹಾರವಾಡದ ಮೀನಿನ ವ್ಯಾಪಾರದ ಮನೆಗೆ. ನಾಗಕ್ಕ ಸಡಗರದಿಂದ ಹೋದಳು. ಗಂಡಿನ ಕಡೆಯ ಹೆಂಗಸರ ಮುಂದೆ ನಿಂತು, “ನಮ್ಮ ಸೋಮಿ ಉಪ್ಪುಬಾಯಿ. ಉಪ್ಪುಬಾಯಿ ಮಗಳು ನಿಮ್ಮನಿಗೆ ಬಂದದ್ದು ನಿಮ್ಮ ಪುಣ್ಯ,” ಎಂದಳು.

“ಗಂಡಿನ ತಾಯಿ ಸೋಮಿ ಬದಿಗೆ ತಿರುಗಿ, ‘ಎಂತ ಮುಚ್ಚಿಟ್ಟಿದ್ದೀರಿ, ನಿಮ್ಮೂರವ್ರೇ ಹೀಗೆ ಹೇಳ್ತಾರಲ್ಲ’ ಅಂದ್ಲು. ನಂಗೆ ತಲೆಬುಡ ತಿಳೀಲಿಲ್ಲ. ಸೋಮಿ ಹೇಳ್ತಾಳೆ, ಅದು ಒಳ್ಳೆ ಮಾತು ಅಂತ ಬಿಡ್ಸಿ ಹೇಳ್ತಾಳೆ ಅಂದ್ಕಂಡೆ. ಅವ್ಳು ನನ್ನ ಮುಖ ನೋಡ್ದೆ, ‘ಆ ಶಬ್ದ ನಾ ಕೇಳೇ ಇಲ್ಲ. ಅವ್ಳ ಬಾಯಿ ಮೊದ್ಲಿಂದ ಸರಿ ಇಲ್ಲ’ ಅಂದ್ಲು.” ನಾಗಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. “ಮಗಳ ಮದ್ವೆ ಕೆಡ್ಸೂಕೆ ಬಂದವಳು ಅಂತ ನನ್ನ ಹೊರಗೆ ಹಾಕಿದ್ರು. ಆ ಶಬ್ದ ಮರ್ತ ಈ ಊರವ್ರೂ ಇವತ್ತಿನವರೆಗೆ ಅದನ್ನೇ ನಂಬ್ಕಂಡಿದ್ದಾರೆ.”

ಮಧ್ಯಾಹ್ನದ ಕಾರವಾರ ಬಸ್ಸು ಹಿಡಿದು ಅಮದಳ್ಳಿಯಲ್ಲಿ ಇಳಿದೆ. ಸೋಮಕ್ಕ ಮಗನ ಮನೆಯ ಹಿಂದಿನ ಮಾಡಿನ ಕೆಳಗೆ ಕೂತು ತೆಂಗಿನ ಗರಿಯ ಕಡ್ಡಿ ಕೀಸುತ್ತಿದ್ದಳು. ಸಣಕಲು ದೇಹ, ಆದರೆ ಕತ್ತಿ ಹಿಡಿದ ಕೈ ಅಲುಗುತ್ತಿರಲಿಲ್ಲ. ನಾನು ಪುಸ್ತಕದ ವಿಷಯ ಹೇಳಿದೆ. ಒಡ್ಡಿನ ಶಬ್ದ, ಸಸಿಯ ಶಬ್ದ, ಏಡಿ ತೂತಿನ ಶಬ್ದ ಎಲ್ಲವನ್ನೂ ನಗುತ್ತ ಹೇಳಿದಳು. ಆಮೇಲೆ ನಾನು ಉಪ್ಪುಬಾಯಿ ಎಂದೆ.

ಕತ್ತಿ ನಿಂತಿತು. “ಕೇಳೇ ಇಲ್ಲ,” ಎಂದಳು.

“ಮಂಜಗುಣಿಯಲ್ಲಿ ಹುಟ್ಟಿ ಬೆಳೆದವಳು ನೀನು, ಸೋಮಕ್ಕ.”

“ಕೇಳೇ ಇಲ್ಲ ಅಂದ್ನಲ್ಲ. ನಾಗು ಕಳ್ಸಿದ್ದಾ ನಿಮ್ನ?”

“ನಾನೇ ಬಂದದ್ದು.”

“ಬಂದ ದಾರೀಲೇ ಹೋಗಿ, ಅಕ್ಕೋರೆ. ಮಳೆ ಬತ್ತದೆ.”

ಅವಳಿಗೆ ಗೊತ್ತಿದೆ ಎನ್ನುವುದು ನನಗೆ ಗೊತ್ತು, ನನಗೆ ಗೊತ್ತಾಗಿದೆ ಎನ್ನುವುದು ಅವಳಿಗೂ ಗೊತ್ತು. ಶಾಲೆಯಾಗಿದ್ದರೆ ಕಿವಿ ಹಿಂಡಿ ಹೇಳಿಸುತ್ತಿದ್ದೆ. ಎಪ್ಪತ್ತರ ಮುದುಕಿಯನ್ನು ಏನು ಮಾಡುವುದು? ಹೆದ್ದಾರಿಯ ಬದಿಯಲ್ಲಿ ಕೊಡೆ ಹಿಡಿದು ಬಸ್ಸು ಕಾಯುತ್ತ ನಾಗಕ್ಕನನ್ನು, ಸೋಮಕ್ಕನನ್ನು, ಮಾಸ್ತರರನ್ನು ಸರದಿಯ ಮೇಲೆ ಬೈದುಕೊಂಡೆ.

ಮುಂದಿನ ಒಂದು ವಾರ ಗಂಗಾವಳಿಯ ದಂಡೆಯ ಗಜನಿ ಊರುಗಳನ್ನೆಲ್ಲ ಅಲೆದೆ. ವಯಸ್ಸಾದವರು ಎಲ್ಲಿದ್ದಾರೆ ಎಂದರೆ ಅಲ್ಲಿಗೆ ಹೋದೆ. ಒಬ್ಬರು ಇಲ್ಲವೆಂದರು, ಒಬ್ಬರು ಎಲ್ಲೋ ಕೇಳಿದ ಹಾಗಿದೆ, ಏನೆಂದು ನೆನಪಿಲ್ಲ ಎಂದರು. ಕೇಳಿದ ಹಾಗಿದ್ದರೆ ಸಾಲದು, ಅರ್ಥ ಅವರ ಬಾಯಿಂದಲೇ ಬರಬೇಕು.

ಅಚ್ಚಿಗೆ ಮೂರು ದಿನ ಇರುವಾಗ ಮನೆಯಲ್ಲಿ ಚೀಟಿ ಮುಂದಿಟ್ಟುಕೊಂಡು ಕೂತೆ. ನಾಗು, ಮಂಜಗುಣಿ ಎನ್ನುವುದರ ಕೆಳಗೆ ‘ಬೀರಾ, ಮಂಜಗುಣಿ’ ಎಂದು ಬರೆದೆ. ಬೀರಾ ಸತ್ತು ಆರು ವರ್ಷ. ಬದುಕಿದ್ದರೆ ಹೇಳುತ್ತಿದ್ದನಲ್ಲ, ಯಾರು ಹೋಗಿ ಕೇಳುತ್ತಾರೆ ಎಂದುಕೊಂಡೆ. ಶಾಯಿ ಒಣಗುವ ಮುಂಚೆ ನನಗೇ ಅಸಹ್ಯವಾಯಿತು. ಸತ್ತವನ ಬಾಯಿಗೆ ಮಾತು ತುಂಬಿ ತಾಜಾ ಎಂದು ಮಾರಲು ಹೊರಟಿದ್ದೆ. ಹಾರವಾಡದವರು ಬೈಯುವ ಉಪ್ಪುಬಾಯಿ ನಾನೇ. ಆ ಚೀಟಿ ಹರಿದು ಒಲೆಗೆ ಹಾಕಿ ಹೊಸದು ಬರೆದೆ, ಒಂದೇ ಹೆಸರಿನದು.

ಹೊಸ ಚೀಟಿಯನ್ನು ಮೀನಿನ ಪೆಟ್ಟಿಗೆಯ ಚೀಟಿಯ ಪಕ್ಕದಲ್ಲಿಟ್ಟು ನೋಡುತ್ತ ಕೂತಾಗ ಒಂದು ಸಂಗತಿ ಹೊಳೆಯಿತು. ನನ್ನ ಪ್ರಕಾರ ಪುಸ್ತಕ ಮಾಡಿದರೆ ಸತ್ಯ ಹೇಳುವ ಉಪ್ಪುಬಾಯಿ ಗಜನಿಯ ಭಾಗದಲ್ಲಿ ಇರುತ್ತಾಳೆ, ಸುಳ್ಳು ಹೇಳುವ ಉಪ್ಪುಬಾಯಿ ಇನ್ನೂರು ಪುಟ ಆಚೆ ಮೀನಿನ ಭಾಗದಲ್ಲಿ ಇರುತ್ತಾಳೆ. ಹಾರವಾಡದವರು ತಮ್ಮ ಪುಟ ಓದಿ ಮುಚ್ಚಿಡುತ್ತಾರೆ, ಮಂಜಗುಣಿಯವರು ತಮ್ಮದನ್ನು. ಆ ಮದುವೆಯಲ್ಲಿ ಆದದ್ದೂ ಅದೇ ಅಲ್ಲವೆ? ಎರಡು ಕಸುಬಿನವರು ಒಂದೇ ಶಬ್ದ ಹಿಡಿದುಕೊಂಡು ಒಬ್ಬರ ಅರ್ಥ ಇನ್ನೊಬ್ಬರಿಗೆ ಗೊತ್ತಿಲ್ಲದೆ ನಿಂತಿದ್ದರು. ಅಕಾರಾದಿಯಲ್ಲಿ ಇವೆರಡೂ ಒಂದೇ ಶಬ್ದದ ಕೆಳಗೆ, ಒಂದು ಎರಡು ಎಂದು, ಒಟ್ಟಿಗೇ ಬರುತ್ತವೆ. ಒಂದನ್ನು ಓದುವವರ ಕಣ್ಣಿಗೆ ಇನ್ನೊಂದು ಬೀಳಲೇಬೇಕು.

ನುಂಗಲಾರದ ತುತ್ತು, ಆದರೂ ನುಂಗಿ ಮಾಸ್ತರರಿಗೆ ಫೋನು ಮಾಡಿದೆ. “ಅಕಾರಾದಿಯೇ ಇರಲಿ ಮಾಸ್ತರೆ.”

“ಆರಾಮ ಇದ್ದೀರಲ್ಲ, ಬಾಯಿ?”

“ಇದ್ದೇನೆ. ಹಿಗ್ಗಬೇಡಿ. ಉಪ್ಪುಬಾಯಿ ಪುಟವನ್ನು ಮಾತ್ರ ಇನ್ನು ಎರಡು ದಿನ ತಡೆಹಿಡಿಯಿರಿ.”

ಮರುದಿನ ಮತ್ತೆ ಅಮದಳ್ಳಿ. ಸೋಮಕ್ಕ ನನ್ನನ್ನು ಕಂಡದ್ದೇ ಎದ್ದು ಒಳಗೆ ಹೊರಟಳು. ನಾನು ಬಾಗಿಲಿಗೆ ಅಡ್ಡ ನಿಂತೆ. ಮರ್ಯಾದೆಯ ಕೆಲಸ ಅಲ್ಲ, ಗೊತ್ತು.

“ನೀನು ಏನೂ ಹೇಳೂದು ಬೇಡ, ಸೋಮಕ್ಕ. ಪುಸ್ತಕದಲ್ಲಿ ಹೇಗೆ ಬರ್ತದೆ ಅಂತ ಓದ್ತೇನೆ, ಕೇಳು. ‘ಉಪ್ಪುಬಾಯಿ: ಹುಳುಕು ಮುಚ್ಚಿಟ್ಟು ಸುಳ್ಳು ಹೇಳುವವಳು, ಬೈಗುಳ.’ ಇಷ್ಟೇ. ಇನ್ನೊಂದು ಅರ್ಥ ಇಲ್ಲ, ಯಾಕಂದ್ರೆ ಅದನ್ನು ಹೇಳಿದವಳು ನಾಗಕ್ಕ ಒಬ್ಬಳೇ. ನಾಡಿದ್ದು ಅಚ್ಚಾದ ಮೇಲೆ ಯಾರು ಓದಿದ್ರೂ ನಾಗಕ್ಕ ಮದುವೆ ಮನೇಲಿ ಬೈದವಳು ಅಂತಲೇ ಆಗ್ತದೆ. ನಾವೆಲ್ಲ ಸತ್ತ ಮೇಲೂ ಹಾಗೇ ಇರ್ತದೆ.”

ಸೋಮಕ್ಕ ಗೋಡೆ ಹಿಡಿದುಕೊಂಡು ನಿಂತಳು.

“ಅಚ್ಚಾದದ್ದನ್ನ ಆಮೇಲೆ ತಿದ್ದೂಕೆ ಬತ್ತದ್ಯಾ?”

“ಇಲ್ಲ.”

“ಅವ್ಳಿಗೆ ಗೊತ್ತಿದ್ಯಾ, ಹೀಗೆ ಬತ್ತದೆ ಅಂತ?”

“ಇಲ್ಲ. ಹೇಳಲಿಕ್ಕೆ ನನಗೆ ಬಾಯಿ ಬರಲಿಲ್ಲ.”

ಅವಳು ಒಳಗೆ ಹೋದಳು. ಮುಗಿಯಿತು ಎಂದುಕೊಂಡು ನಾನು ಅಂಗಳಕ್ಕಿಳಿದೆ. ಅಷ್ಟರಲ್ಲಿ ಬೇರೆ ಸೀರೆ ಉಟ್ಟು, ಕೊಡೆ ಹಿಡಿದು ಹೊರಗೆ ಬಂದಳು. “ಮಂಜಗುಣಿಗೆ ಹೋಗ್ವಾ,” ಎಂದಳು, ನನ್ನ ಮುಂದೆಯೇ ಹೆದ್ದಾರಿಯ ಕಡೆ ನಡೆದಳು.

ಬಸ್ಸು ಹಾರವಾಡ ದಾಟುವಾಗ ಸೋಮಕ್ಕ ಮಗಳ ಮನೆಯ ದಾರಿಯ ಕಡೆ ನೋಡಿದಳು. ಅಂಕೋಲೆಯಲ್ಲಿ ಇಳಿದು ಟೆಂಪೋ ಹತ್ತಿದೆವು.

ನಾಗಕ್ಕ ಜಗಲಿಯಲ್ಲೇ ಇದ್ದಳು. ಬಂದವರು ಯಾರೆಂದು ಕಣ್ಣು ಕಿರಿದು ಮಾಡಿ ನೋಡಿ, ಗುರುತು ಸಿಕ್ಕಿದ್ದೇ ಮುಖ ಆಚೆ ತಿರುಗಿಸಿದಳು. ಸೋಮಕ್ಕ ಜಗಲಿ ಹತ್ತಲಿಲ್ಲ, ಮಾಡಿನ ನೀರು ಬೀಳುವಲ್ಲೇ ನಿಂತಳು.

“ಅಕ್ಕೋರೆ, ಬರ್ಕಳಿ,” ಎಂದಳು. ನಾನು ಎರಡೂ ಅರ್ಥ ಸೇರಿಸಿ ಬರೆದಿದ್ದ ಚೀಟಿ ತೆಗೆದೆ. “ಉಪ್ಪುಬಾಯಿ ಅಂದ್ರೆ ಗಜನಿ ನೀರು ನಾಲಿಗೆ ಮೇಲಿಟ್ಟು ಖರೆ ಹೇಳೂವವಳು. ಒಡೆಯ ಕಣ್ಣು ಕೆಂಪು ಮಾಡಿದ್ರೂ ಒಂದು ದಿನ ಹೆಚ್ಚುಕಮ್ಮಿ ಹೇಳೂದಿಲ್ಲ. ಮಂಜಗುಣಿಯಾಗೆ ಇದಕ್ಕಿಂತ ದೊಡ್ಡ ಮಾತು ಹೆಂಗಸಿಗೆ ಯಾರೂ ಹೇಳೂದಿಲ್ಲ. ಹೇಳಿದವಳು ಸೋಮಿ.”

ನಾನು ನಾಗು ಎನ್ನುವ ಹೆಸರಿನ ಕೆಳಗೆ ಸೋಮಿ ಎಂದು ಬರೆದೆ. ಎರಡು ಬಾಯಿ ಆಯಿತು. ನಾಗಕ್ಕ ಇನ್ನೂ ಆಚೆಯೇ ನೋಡುತ್ತಿದ್ದಳು, ಆದರೆ ಅವಳ ಹೆಗಲು ಕುಲುಕುತ್ತಿತ್ತು.

“ಹಂಗಾರೆ ಅವತ್ತು ಎಂತಕ್ಕೆ ಹೇಳ್ಲಿಲ್ಲ ನೀನು?” ಎಂದಳು ಕೊನೆಗೆ, ತಿರುಗದೆ.

“ಹೆಂಗೆ ಹೇಳ್ಲಿ ನಾಗು? ಗಂಡಿನ ಕಡೆಯವ್ರಿಗೆ ನಾವು ಗದ್ದೆ ಇದ್ದವ್ರು ಅಂತ ಹೇಳಿದ್ದೆ. ಉಪ್ಪುಬಾಯಿ ಅಂದ್ರೆ ಪರರ ಗಜನಿ ನೀರು ಬಾಯಿಗೆ ಹಾಕೂ ಕೂಲಿಯವಳು ಅಂತ ಬಿಡ್ಸಿ ಹೇಳಿದ್ರೆ ನನ್ನ ಸುಳ್ಳು ಅಲ್ಲೇ ಬಯಲಾಗ್ತಿತ್ತು. ಮದ್ವೆ ಮುರೀತಿತ್ತು. ಅದಕ್ಕೆ ನಿನ್ನ ಬಾಯಿ ಸರಿ ಇಲ್ಲ ಅಂದೆ.” ಅವಳು ನನ್ನ ಕಡೆ ತಿರುಗಿದಳು. “ಅಕ್ಕೋರೆ, ಎರಡನೇ ಅರ್ಥ ಉಂಟಲ್ಲ, ಹುಳುಕು ಮುಚ್ಚಿಟ್ಟು ಸುಳ್ಳು ಹೇಳೂವವಳು. ಅದರ ಕೆಳಗೂ ನನ್ನ ಹೆಸ್ರು ಬರೀರಿ.”

“ಅದಕ್ಕೆ ಎರಡು ಬಾಯಿ ಆಗಲೇ ಇದೆ, ಸೋಮಕ್ಕ. ಹಾರವಾಡದವರು ಹೇಳಿದ್ದಾರೆ.”

“ಅವ್ರು ಹೇಳಿದ್ದಷ್ಟೇ. ನಾ ಮಾಡಿದ್ದು. ಬರೀರಿ.”

“ಬೇಡ ಅಕ್ಕೋರೆ,” ಎಂದಳು ನಾಗಕ್ಕ, ಥಟ್ಟನೆ ಈಚೆ ತಿರುಗಿ.

“ನೀ ಸುಮ್ನಿರು,” ಎಂದಳು ಸೋಮಕ್ಕ. “ಹತ್ತೊಂಬತ್ತು ವರ್ಷ ನೀ ಹೊತ್ಕಂಡದ್ದು ಸಾಕು. ಬರೀರಿ ಅಕ್ಕೋರೆ.”

ನಾನು ಬರೆದೆ. ಕಾಗದದ ಮೇಲೆ ಕಣ್ಣೀರು ಬೀಳದ ಹಾಗೆ ಚೀಟಿಯನ್ನು ದೂರ ಹಿಡಿದು ಬರೆದೆ, ಯಾಕೆಂದರೆ ಅದು ನಾಡಿದ್ದು ಅಚ್ಚಿಗೆ ಹೋಗಬೇಕಾದ ಚೀಟಿ. ಸೋಮಕ್ಕ ಬರೆದದ್ದನ್ನು ಗಟ್ಟಿಯಾಗಿ ಓದಿ ಎಂದಳು. ಶಬ್ದ, ಒಂದನೇ ಅರ್ಥ, ಎರಡನೇ ಅರ್ಥ, ಒಂದೊಂದರ ಕೆಳಗಿನ ಹೆಸರು ಎಲ್ಲವನ್ನೂ ಓದಿದೆ. ಎರಡನೆಯದರ ಕೆಳಗೆ ಅವಳ ಹೆಸರು ಬಂದಾಗ ನಾಗಕ್ಕ ಎದ್ದು ಮೆಟ್ಟಿಲಿಳಿದು, ಅವಳ ಕೈ ಹಿಡಿದೆಳೆದು ಜಗಲಿಯ ಮೇಲೆ ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು.

“ಅಕ್ಕೋರೆ, ಎರಡನೇದು ಒಂದು ಸಲ ಓದಿದ್ದು ಸಾಕು,” ಎಂದಳು. “ಮೊದಲ್ನೇದು ಇನ್ನೊಂದ್ ಸಲ ಓದಿ.”